ಗೂಡ್ಸ್ ಗಾಡಿ ತಗೊಳ್ಳೋ ಮೊದಲು: ತಲೆಮಾರು, ಚಾಸಿ, ಎಂಜಿನ್ ಅರ್ಥ ಮಾಡಿಕೊಳ್ಳಿ



ಕಳೆದ ವಾರ ಘೋಡಗೇರಿಯಿಂದ ಒಬ್ಬ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಎರಡು ಎಕರೆ ಟೊಮ್ಯಾಟೊ, ಒಂದು ಎಕರೆ ಮೆಣಸಿನಕಾಯಿ ಐತಿ. ಪ್ರತಿ ಸಲ ಬಾಡಿಗಿ ಗಾಡಿಗೆ ರೊಕ್ಕ ಕೊಟ್ಟು ಸಾಕಾಗೇತಿ. ಸೆಕೆಂಡ್ ಹ್ಯಾಂಡ್ ಛೋಟಾ ಹಾಥಿ ಒಂದು ಬಂದೈತಿ, 2020ರ ಮಾಡೆಲ್ ಅಂತಾರ. ತಗೊಳ್ಳಲೇನು?"

ನಾನು ಮೂರೇ ಪ್ರಶ್ನೆ ಕೇಳಿದೆ. ಗಾಡಿ ಬಿಎಸ್-4 ಅಥವಾ ಬಿಎಸ್-6? ಆರ್‌ಸಿ ಪ್ರಕಾರ ಎಷ್ಟು ಕೆಜಿ ಹೇರಬಹುದು? ತಿಂಗಳಿಗೆ ಮಾರ್ಕೆಟ್‌ಗೆ ಎಷ್ಟು ಟ್ರಿಪ್ ಹೋಗ್ತೀಯ? ಮೂರಕ್ಕೂ ಒಂದೇ ಉತ್ತರ: "ಗೊತ್ತಿಲ್ರೀ ಅಣ್ಣಾ."

ಅವನದೇನೂ ತಪ್ಪಿಲ್ಲ. ತೋಟಗಾರಿಕೆ ಓದುವಾಗ ಸಸಿ ಮಡಿಯಿಂದ ಹಿಡಿದು ಕೊಯ್ಲೋತ್ತರ ನಿರ್ವಹಣೆವರೆಗೆ ಎಲ್ಲಾ ಕಲಿತೆ. ಆದರೆ ಕೊಯ್ದ ಮಾಲನ್ನು ಯಾವ ಗಾಡಿಯಲ್ಲಿ ಒಯ್ಯಬೇಕು ಅನ್ನೋದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ರೊಕ್ಕ ಕಳ್ಕೊಂಡು ಕಲಿತೆ. ಮೊದಲ ಗಾಡಿ ತಗೊಂಡಾಗ ನೋಡಿದ್ದು ಬಣ್ಣ, ಟೈರ್ ಮತ್ತು ರೇಟು, ಅಷ್ಟೇ. ಒಂದು ಟನ್‌ಗಿಂತ ಮೇಲೆ ಹಸಿ ಗೊಬ್ಬರ ಹೇರಿಕೊಂಡು ಏರು ಹತ್ತುವಾಗ ಹಿಂದಿನ ಪಾಟಾ ಕಟ್ ಆಯ್ತು. ಮರುದಿನ ಮುಂಜಾನೆ ಅದೇ ಗಾಡಿಯಲ್ಲಿ ಹೋಗಬೇಕಿದ್ದ ಟೊಮ್ಯಾಟೊ ಎರಡು ದಿನ ಶೆಡ್‌ನಲ್ಲೇ ಕೂತು ಮೆತ್ತಗಾಯ್ತು. ರಿಪೇರಿಗಿಂತ ಆ ಟೊಮ್ಯಾಟೊ ನಷ್ಟವೇ ದೊಡ್ಡದಾಗಿತ್ತು.

ಅದಕ್ಕೇ ಈ ವಾರ ಬೆಳೆ ಬಿಟ್ಟು ಗಾಡಿ ಪಾಠ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮಂಥವರ ಮಾಲು ಬೆಳಗಾವಿಗೆ ಹೋಗುತ್ತೆ, ಅಲ್ಲಿಂದ ಗೋವಾಕ್ಕೆ ಹೋಗುತ್ತೆ, ಅರಿಷಿಣ ಸಾಂಗ್ಲಿಗೆ ಹೋಗುತ್ತೆ. ದಾರಿ, ತೂಕ, ಟ್ರಿಪ್ ಮೂರೂ ಬೇರೆ ಬೇರೆ. ಹಂಗಾಗಿ ಎಲ್ಲರಿಗೂ ಒಂದೇ ಗಾಡಿ ಹೊಂದೋದಿಲ್ಲ.

1. ಮೊದಲು ತಲೆಮಾರು ತಿಳ್ಕೊಳ್ಳಿ

ನಾವು ಎಲ್ಲಾ ಸಣ್ಣ ಗೂಡ್ಸ್ ಗಾಡಿಗೂ 'ಟೆಂಪೋ' ಅಂತೀವಿ. ಅದು ಮೂಲತಃ ಒಂದು ಜರ್ಮನ್ ಕಂಪನಿಯ ಬ್ರ್ಯಾಂಡ್ ಹೆಸರು. ಆ ಕಂಪನಿ ಜೊತೆ ಸೇರಿ 1958ರಲ್ಲಿ ಬಜಾಜ್ ಟೆಂಪೋ ಶುರುವಾಯ್ತು. ಮೊದಲು ಮೂರು ಗಾಲಿಯದು, ಆಮೇಲೆ ನಮ್ಮ ಅಪ್ಪಂದಿರು ನೋಡಿದ ಮೆಟಡೋರ್. ಅದೇ ಕಂಪನಿ ಈಗ ಫೋರ್ಸ್ ಮೋಟರ್ಸ್.

1980ರ ದಶಕದಲ್ಲಿ ಜಪಾನ್ ಕಂಪನಿಗಳ ಜೊತೆಗೂಡಿ ಸ್ವರಾಜ್ ಮಜ್ದಾ, ಡಿಸಿಎಂ ಟೊಯೊಟಾ, ಐಷರ್ ಮಿತ್ಸುಬಿಷಿ ಬಂದವು. ಅವಕ್ಕೆ ಎದುರಾಗಿ ಟಾಟಾದವರು 1986ರಲ್ಲಿ 407 ತಂದರು. ಇವೆಲ್ಲ ಎರಡು ಟನ್ ಮೇಲಿನ ಕೆಲಸದವು. ಸಣ್ಣ ರೈತನಿಗೆ ಉಳಿದದ್ದು ಮೂರು ಗಾಲಿಯ ಟಂಟಂ ಮಾತ್ರ.

ಈ ನಡುವಿನ ಜಾಗ ತುಂಬಿದ್ದು 2005ರಲ್ಲಿ ಬಂದ ಟಾಟಾ ಏಸ್. ನಾಲ್ಕು ಗಾಲಿ, ಎರಡು ಸಿಲಿಂಡರ್, ಸುಮಾರು 700 ಸಿಸಿ ಡೀಸೆಲ್ ಎಂಜಿನ್, ಬರೀ 16 ಅಶ್ವಶಕ್ತಿ. ಶಕ್ತಿ ಕಡಿಮೆ, ಆದ್ರೆ ಸಣ್ಣ ಓಣಿಗೆ ಹೋಗುತ್ತೆ, ಊರ ಮಿಸ್ತ್ರಿಯೇ ಬಿಚ್ಚಿ ಜೋಡಿಸ್ತಾನೆ. ಜನ 'ಛೋಟಾ ಹಾಥಿ' ಅಂತ ಹೆಸರಿಟ್ಟರು. ಅದರ ಹಿಂದೆ 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್, 2015ರಲ್ಲಿ ಮಹೀಂದ್ರಾ ಜೀತೋ, 2016ರಲ್ಲಿ ಮಾರುತಿ ಸೂಪರ್ ಕ್ಯಾರಿ, 2019ರಲ್ಲಿ ಟಾಟಾ ಇಂಟ್ರಾ ಬಂದವು. ಬೊಲೆರೊ ಪಿಕಪ್ ಅಂತೂ ನಿಮಗೆ ಗೊತ್ತೇ ಇದೆ.

ಆದರೆ ಕೊಳ್ಳುವವನಿಗೆ ಹೆಸರಿನ ತಲೆಮಾರಿಗಿಂತ ಹೊಗೆ ನಿಯಮದ ತಲೆಮಾರು ಮುಖ್ಯ. ಯಾಕಂದ್ರೆ ಒಂದೇ ಹೆಸರಿನ ಗಾಡಿ, ಒಂದೇ ಆಕಾರ ಇದ್ದರೂ ಬಾನೆಟ್ ಒಳಗೆ ಅಥವಾ ಸೀಟಿನ ಕೆಳಗೆ ಬೇರೆಯೇ ಯಂತ್ರ ಇರುತ್ತೆ.

ಬಿಎಸ್-3 ಮತ್ತು ಅದಕ್ಕೂ ಹಳೆಯವು: 2017ರ ಮಾರ್ಚ್ ವರೆಗೆ ಮಾರಾಟ ಆದವು. ಸಣ್ಣ ಗಾಡಿಗಳಲ್ಲಿ ಬಹುತೇಕ ಮೆಕ್ಯಾನಿಕಲ್ ಪಂಪ್. ಸೆನ್ಸರ್ ಕಾಟ ಇಲ್ಲ, ಎಲ್ಲಿ ಬೇಕಾದ್ರೂ ರಿಪೇರಿ ಆಗುತ್ತೆ. ಆದರೆ ವಯಸ್ಸಾಗಿದೆ, ಈಗ ಪ್ರತಿ ವರ್ಷ ಫಿಟ್ನೆಸ್ ಮಾಡಿಸಬೇಕು.

ಬಿಎಸ್-4: ದೇಶಾದ್ಯಂತ 2017ರ ಏಪ್ರಿಲ್ 1ರಿಂದ 2020ರ ಮಾರ್ಚ್ ವರೆಗೆ. ಪಿಕಪ್ ಮತ್ತು ಮಿನಿ ಟ್ರಕ್‌ಗಳಲ್ಲಿ ಕಾಮನ್ ರೇಲ್ ಹೆಚ್ಚಾಯ್ತು. ಅಂದ್ರೆ ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ಇಟ್ಟು, ಕಂಪ್ಯೂಟರ್ ಲೆಕ್ಕ ಹಾಕಿ ಸಿಡಿಸುತ್ತೆ. ಎಳೆತ, ಮೈಲೇಜ್ ಎರಡೂ ಚಲೋ. ಆದರೆ ಕಲಬೆರಕೆ ಡೀಸೆಲ್ ಬಿದ್ದರೆ ಇಂಜೆಕ್ಟರ್ ಹೋಗುತ್ತೆ, ಅದು ದುಬಾರಿ.

ಬಿಎಸ್-6: 2020ರ ಏಪ್ರಿಲ್ 1ರಿಂದ. ಬಿಎಸ್-5 ಅನ್ನೋದು ನಮ್ಮಲ್ಲಿ ಬರಲೇ ಇಲ್ಲ, ನೇರ ಜಿಗಿದೆವು. ಡೀಸೆಲ್‌ನಲ್ಲಿ ಗಂಧಕದ ಅಂಶ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಡೀಸೆಲ್ ಗಾಡಿಯ ಸೈಲೆನ್ಸರ್ ಕಡೆ ಮಸಿ ಹಿಡಿಯುವ ಫಿಲ್ಟರ್ ಬಂತು, ಕೆಲವಕ್ಕೆ ಡಿಇಎಫ್ ಅನ್ನೋ ಯೂರಿಯಾ ದ್ರವದ ಟ್ಯಾಂಕೂ ಬಂತು. 2023ರ ಏಪ್ರಿಲ್‌ನಿಂದ ಎರಡನೇ ಹಂತ. ಇದರಲ್ಲಿ ರಸ್ತೆ ಮೇಲೆ ಓಡುವಾಗಿನ ಹೊಗೆಯನ್ನೂ ಲೆಕ್ಕಕ್ಕೆ ಹಿಡೀತಾರೆ.

ಇಲ್ಲಿ ಒಂದು ಬಲೆ ಇದೆ. '2020ರ ಮಾಡೆಲ್' ಅಂದ ತಕ್ಷಣ ಬಿಎಸ್-6 ಅಂತ ತಿಳ್ಕೋಬ್ಯಾಡ್ರಿ. 2019ರ ಕೊನೆಗೆ ತಯಾರಾಗಿ 2020ರ ಜನವರಿ–ಮಾರ್ಚ್‌ನಲ್ಲಿ ನೋಂದಣಿ ಆದ ಬಿಎಸ್-4 ಗಾಡಿ ಬೇಕಾದಷ್ಟಿವೆ. ಹಳೇ ಸ್ಟಾಕ್ ಖಾಲಿ ಮಾಡೋಕೆ ಆಗ ರಿಯಾಯಿತಿಯಲ್ಲಿ ಮಾರಿದ್ರು. ಆರ್‌ಸಿ ಕಾರ್ಡ್‌ನಲ್ಲಿ ತಯಾರಿಕೆಯ ತಿಂಗಳು-ವರ್ಷ ಮತ್ತು ಎಮಿಷನ್ ನಾರ್ಮ್ಸ್ ಎರಡೂ ಬರೆದಿರುತ್ತೆ. ಬಾಯಿಮಾತು ಬಿಡಿ, ಅದನ್ನ ಓದಿ. ಬಿಎಸ್-4 ತಗೋಬಾರದು ಅಂತಲ್ಲ. ಬಿಎಸ್-6 ರೇಟು ಕೊಟ್ಟು ಬಿಎಸ್-4 ತಗೋಬಾರದು, ಅಷ್ಟೇ.

2. ಚಾಸಿ: ಗಾಡಿಯ ಬೆನ್ನೆಲುಬು

ಗೂಡ್ಸ್ ಗಾಡಿ ಕೆಳಗೆ ಬಗ್ಗಿ ನೋಡಿ. ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅವುಗಳ ನಡುವೆ ಅಡ್ಡಪಟ್ಟಿ, ಥೇಟ್ ಏಣಿ ಮಲಗಿಸಿದಂಗೆ ಕಂಡರೆ ಅದು ಲ್ಯಾಡರ್ ಚಾಸಿ. ಬೊಲೆರೊ ಪಿಕಪ್, ಇಂಟ್ರಾ, 407 ಎಲ್ಲ ಈ ಜಾತಿಯವು. ಭಾರ ಏಣಿ ಮೇಲೆ ಬೀಳುತ್ತೆ, ಕ್ಯಾಬಿನ್ ಮತ್ತು ಡಬ್ಬಿ ಬೇರೆ ಬೇರೆಯಾಗಿ ಅದರ ಮೇಲೆ ಕೂತಿರುತ್ತವೆ. ತಗ್ಗು-ದಿಣ್ಣೆಯ ಹೊಲದ ದಾರಿಗೆ, ಭಾರಕ್ಕೆ ಇದೇ ಸರಿ.

ಇನ್ನೊಂದು ಮೊನೊಕಾಕ್. ಇಲ್ಲಿ ಬೇರೆ ಏಣಿ ಇಲ್ಲ. ತಗಡಿನ ಬಾಡಿಯೇ ಭಾರ ಹೊರುತ್ತೆ. 1984ರಲ್ಲಿ ಬಂದು 2019ರಲ್ಲಿ ನಿಂತ ಮಾರುತಿ ಓಮ್ನಿ, ಈಗಿನ ಈಕೊ ಕಾರ್ಗೊ ಈ ಜಾತಿ. ಹಗುರ, ನೆಲಕ್ಕೆ ಹತ್ತಿರ, ಎತ್ತಿಳಿಸೋಕೆ ಸುಲಭ, ಮಳೆಗೆ ಮಾಲು ನೆನೆಯಲ್ಲ. ಮನೆ ಮನೆಗೆ ಸೊಪ್ಪು, ತರಕಾರಿ ಬುಟ್ಟಿ ಮುಟ್ಟಿಸೋರಿಗೆ ಚಲೋ. ಆದರೆ ಗೊಬ್ಬರದ ಉಪ್ಪು, ಸಗಣಿ ನೀರು ತಗಡಿಗೆ ಇಳಿದು ತುಕ್ಕು ಹಿಡಿದರೆ ಬಾಡಿಯ ಜೊತೆಗೆ ಬೆನ್ನೆಲುಬೇ ತುಕ್ಕು ಹಿಡಿದಂತೆ. ಲ್ಯಾಡರ್ ಗಾಡಿಯಲ್ಲಿ ಡಬ್ಬಿ ಬದಲಿಸಬಹುದು, ಇಲ್ಲಿ ಆಗೋದಿಲ್ಲ.

ಎಂಜಿನ್ ಎಲ್ಲಿದೆ ಅನ್ನೋದೂ ಮುಖ್ಯ. ಏಸ್, ಸೂಪರ್ ಕ್ಯಾರಿಯಂಥವುಗಳಲ್ಲಿ ಸೀಟಿನ ಕೆಳಗೆ ಎಂಜಿನ್, ಮುಂದೆ ಮೂತಿ ಇಲ್ಲ. ಗಾಡಿ ಗಿಡ್ಡ ಇದ್ದರೂ ಡಬ್ಬಿ ಉದ್ದ ಸಿಗುತ್ತೆ, ಸಂದಿಯಲ್ಲಿ ತಿರುಗುತ್ತೆ. ಬೊಲೆರೊದಂಥ ಮೂತಿ ಇರುವ ಗಾಡಿ ಉದ್ದ ಜಾಸ್ತಿ. ಆದ್ರೆ ಸೀಟಿನ ಕೆಳಗಿನ ಬಿಸಿ ಇಲ್ಲ, ಎಂಜಿನ್ ಕೆಲಸಕ್ಕೆ ಸೀಟು ಎತ್ತೋ ಕಷ್ಟ ಇಲ್ಲ, ದೂರದ ಓಟಕ್ಕೆ ಆರಾಮ.

ಸಸ್ಪೆನ್ಷನ್ ನೋಡುವಾಗ ಹಿಂದಿನ ಪಾಟಾಗಳನ್ನು ಎಣಿಸಿ. ಕೆಲವರು ಹೆಚ್ಚು ಭಾರ ಹೇರೋಕೆ ಎರಡು ಪಾಟಾ ಹೆಚ್ಚು ಹಾಕಿಸ್ತಾರೆ. ಪಾಟಾ ಬಲವಾಯ್ತು, ಸರಿ. ಆದರೆ ಬ್ರೇಕ್, ಆಕ್ಸಲ್, ಟೈರ್, ಕ್ಲಚ್ ಹಳೆಯವೇ ಅಲ್ಲವಾ? ಇಳಿಜಾರಿನಲ್ಲಿ ನಿಲ್ಲಿಸೋದು ಪಾಟಾ ಅಲ್ಲ, ಬ್ರೇಕು. ಇಂಥ ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಅದು ಜೀವನಪೂರ್ತಿ ಓವರ್‌ಲೋಡ್ ಓಡಿದೆ ಅಂತ ಅರ್ಥ.

3. ತೂಕದ ಲೆಕ್ಕ: ಡಬ್ಬಿ ತುಂಬಿದ ಮಾತ್ರಕ್ಕೆ ಸರಿಯಲ್ಲ

ಆರ್‌ಸಿಯಲ್ಲಿ ಎರಡು ಅಂಕಿ ಹುಡುಕಿ. ಒಂದು ಅನ್‌ಲೇಡನ್ ತೂಕ, ಅಂದ್ರೆ ಖಾಲಿ ಗಾಡಿ. ಇನ್ನೊಂದು ಗ್ರಾಸ್ ಅಥವಾ ಲೇಡನ್ ತೂಕ, ಅಂದ್ರೆ ಗಾಡಿ, ಮಾಲು, ಮನುಷ್ಯರು ಎಲ್ಲ ಸೇರಿ ಮೀರಬಾರದ ತೂಕ. ಎರಡರ ವ್ಯತ್ಯಾಸ ನಿಮ್ಮ ಕೈಗೆ ಸಿಗೋದು. ಖಾಲಿ ತೂಕದಲ್ಲಿ ಡ್ರೈವರ್ ಸೇರಿರಲ್ಲ, ಇದನ್ನ ಬಹಳ ಜನ ಮರೀತಾರೆ.

ಉದಾಹರಣೆಗೆ ಗ್ರಾಸ್ 1,600 ಕೆಜಿ, ಖಾಲಿ 850 ಕೆಜಿ ಅಂತ ಹಿಡಿಯೋಣ. ವ್ಯತ್ಯಾಸ 750 ಕೆಜಿ. ನೀವು ಮತ್ತು ಜೊತೆಗೊಬ್ಬರು 130 ಕೆಜಿ ಕಳೆದರೆ ಉಳಿದದ್ದು 620. ಕ್ರೇಟ್ ಸಮೇತ 25 ಕೆಜಿಯ ಟೊಮ್ಯಾಟೊ ಆದರೆ 24 ಕ್ರೇಟ್. ಆದರೆ ಡಬ್ಬಿಯಲ್ಲಿ ಮೂರು ಸಾಲು ಏರಿಸಿದರೆ 40 ಕ್ರೇಟ್ ಸಲೀಸಾಗಿ ಕೂಡುತ್ತೆ! ಅಲ್ಲೇ ನಾವು ತಪ್ಪೋದು.

ಇನ್ನೊಂದು ಲೆಕ್ಕ ನೋಡಿ. ಛೋಟಾ ಹಾಥಿ ಡಬ್ಬಿ ಸುಮಾರು 7 ಅಡಿ ಉದ್ದ, 5 ಅಡಿ ಅಗಲ, 1 ಅಡಿ ಎತ್ತರ. ಹತ್ತಿರಹತ್ತಿರ ಒಂದು ಘನ ಮೀಟರ್. ಹುಲ್ಲು, ಸೊಪ್ಪು, ಹೂಕೋಸು ತುಂಬಿದರೆ ತೂಕ ಮೀರಲ್ಲ. ಹಸಿ ತಿಪ್ಪೆಗೊಬ್ಬರ ಸಮ ತುಂಬಿದ್ರೇ ಮಿತಿ ಮುಟ್ಟುತ್ತೆ, ಗುಪ್ಪೆ ಹಾಕಿದ್ರೆ ದಾಟುತ್ತೆ. ಮರಳು ಸಮ ತುಂಬಿದರೆ ಒಂದೂವರೆ ಟನ್! ಬೆಲ್ಲದ ಪೆಂಟೆ, ಅರಿಷಿಣದ ಚೀಲ ಹೇರುವಾಗಲೂ ಚೀಲ ಎಣಿಸಿ ತೂಕ ಕಟ್ಟಿ, ಡಬ್ಬಿ ನೋಡಿ ಅಲ್ಲ.

ಹಂಗಾದ್ರೆ ನಿಮಗೆಷ್ಟು ಬೇಕು? ಸೀಸನ್ನಿನ ಅತಿ ದೊಡ್ಡ ದಿನ ನೋಡಿ ಗಾಡಿ ತಗೋಬೇಡಿ. ಸಾಮಾನ್ಯ ದಿನದ ಮಾಲಿಗೆ ಸರಿಹೋಗೋದು ತಗೊಳ್ಳಿ. ದೊಡ್ಡ ಕೊಯ್ಲಿನ ನಾಲ್ಕು ದಿನ ಬಾಡಿಗೆ ಗಾಡಿ ಕರೀರಿ. ವರ್ಷಪೂರ್ತಿ ದೊಡ್ಡ ಗಾಡಿ ಖಾಲಿ ಓಡಿಸೋಕಿಂತ ಅದು ಅಗ್ಗ.

4. ಎಂಜಿನ್: ಡೀಸೆಲ್, ಪೆಟ್ರೋಲ್, ಸಿಎನ್‌ಜಿ, ಕರೆಂಟ್

ಎಂಜಿನ್ ವಿವರದಲ್ಲಿ ಅಶ್ವಶಕ್ತಿ ಜೊತೆಗೆ ಟಾರ್ಕ್ ಅಂತ ಇರುತ್ತೆ, ನ್ಯೂಟನ್ ಮೀಟರ್ ಲೆಕ್ಕ. ಸರಳವಾಗಿ ಹೇಳ್ಬೇಕಂದ್ರೆ ಅಶ್ವಶಕ್ತಿ ಓಟಕ್ಕೆ, ಟಾರ್ಕ್ ಎಳೆತಕ್ಕೆ. ಎತ್ತಿಗೂ ಕುದುರೆಗೂ ಇರೋ ವ್ಯತ್ಯಾಸ ಅನ್ಕೊಳ್ಳಿ. ಏಸ್ ಪೆಟ್ರೋಲ್ 694 ಸಿಸಿ ಎಂಜಿನ್ನಿಗೆ 55, ಇಂಟ್ರಾ ವಿ30 ಡೀಸೆಲ್‌ಗೆ 140. ಹೊಲದಿಂದ ಘಟಪ್ರಭಾಕ್ಕೆ ಸಪಾಟ ದಾರಿಯಲ್ಲಿ ಹೋಗಿ ಬರೋಕೆ 55 ಸಾಕು. ಮಾಲು ತುಂಬಿಕೊಂಡು ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಹೋಗೋನಿಗೆ ಸಾಲೋದಿಲ್ಲ.

ಡೀಸೆಲ್: ಭಾರ, ದೂರ, ಏರು ಈ ಮೂರರಲ್ಲಿ ಎರಡಿದ್ದರೆ ಡೀಸೆಲ್ಲೇ. ಆದರೆ ಬಿಎಸ್-6 ಡೀಸೆಲ್ ತಗೊಳ್ಳೋ ರೈತ ಒಂದು ಮಾತು ನೆನಪಿಡಬೇಕು. ಮಸಿ ಫಿಲ್ಟರ್ ತನ್ನಲ್ಲಿ ತುಂಬಿದ ಮಸಿಯನ್ನ ತಾನೇ ಸುಟ್ಟುಕೊಳ್ಳುತ್ತೆ, ಆದರೆ ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ದಿನಾ ಮನೆಯಿಂದ ಹೊಲಕ್ಕೆ ಮೂರು ಕಿ.ಮೀ., ಹೊಲದಿಂದ ಮನೆಗೆ ಮೂರು ಕಿ.ಮೀ. ಓಡಿಸಿದರೆ ಅದು ಕಾಯೋದೇ ಇಲ್ಲ. ಮಸಿ ಕಟ್ಟಿ, ಮೀಟರ್‌ನಲ್ಲಿ ದೀಪ ಹತ್ತಿ, ಕೊನೆಗೆ ಗಾಡಿ ಎಳೆಯಲ್ಲ. ದೀಪ ಹತ್ತಿದ ಕೂಡಲೇ ಕೈಪಿಡಿ ಹೇಳಿದಂತೆ ಮಾಡಿ. ಸಾಮಾನ್ಯವಾಗಿ ಹೆದ್ದಾರಿಯಲ್ಲಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಿಸಿದರೆ ಸರಿಹೋಗುತ್ತೆ. "ಫಿಲ್ಟರ್ ಕಿತ್ತು ಹಾಕ್ತೀನಿ, ತ್ರಾಸೇ ಇರಂಗಿಲ್ಲ" ಅನ್ನೋ ಮಿಸ್ತ್ರಿ ಮಾತು ಕೇಳಬ್ಯಾಡ್ರಿ. ಮುಂದೆ ಫಿಟ್ನೆಸ್‌ನಲ್ಲಿ ಸಿಕ್ಕಿಬೀಳ್ತೀರಿ. ಡಿಇಎಫ್ ಟ್ಯಾಂಕ್ ಇದ್ದರೆ ಅದಕ್ಕೆ ನೀರು ಬೆರೆಸೋದು, ಹೊಲದ ಯೂರಿಯಾ ಕರಗಿಸಿ ಹಾಕೋದು ಎರಡೂ ಬೇಡ. ಅದು ಶುದ್ಧ ದ್ರವ, ಇದು ಗೊಬ್ಬರ. ಸಿಸ್ಟಂ ಪೂರ್ತಿ ಕಟ್ಟಿಕೊಳ್ಳುತ್ತೆ.

ಪೆಟ್ರೋಲ್: ಬಿಎಸ್-6 ಬಂದ ಮೇಲೆ ಸಣ್ಣ ಡೀಸೆಲ್ ಎಂಜಿನ್ ಮಾಡೋದು ದುಬಾರಿ ಆಯ್ತು. ಮಾರುತಿ ಸೂಪರ್ ಕ್ಯಾರಿಯ ಡೀಸೆಲ್ ನಿಂತೇ ಹೋಯ್ತು. ಟಾಟಾ 2020ರಲ್ಲಿ ಏಸ್‌ಗೆ ಪೆಟ್ರೋಲ್ ಎಂಜಿನ್ ಕೊಟ್ಟಿತು. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೊದಲ್ಲೂ ಪೆಟ್ರೋಲ್, ಸಿಎನ್‌ಜಿ ಜೊತೆ ಪೆಟ್ರೋಲ್, ಕರೆಂಟ್ ಇವೆ, ಡೀಸೆಲ್ ಇಲ್ಲ. ಪೆಟ್ರೋಲ್ ಗಾಡಿ ಬೆಲೆ ಕಡಿಮೆ, ಸದ್ದು ಕಡಿಮೆ, ಸಣ್ಣ ಓಟಕ್ಕೆ ಮಸಿ ಫಿಲ್ಟರ್ ತಲೆನೋವಿಲ್ಲ. ದಿನಕ್ಕೆ 30–40 ಕಿ.ಮೀ. ಒಳಗೆ ಓಡಿಸೋರಿಗೆ ಲೆಕ್ಕ ಸರಿಹೋಗುತ್ತೆ.

ಸಿಎನ್‌ಜಿ: ಕಿಲೋಮೀಟರ್ ಖರ್ಚು ಕಡಿಮೆ. ಆದರೆ ಸಿಲಿಂಡರ್ ತೂಕ ನಿಮ್ಮ ಮಾಲಿನ ತೂಕವನ್ನ ತಿನ್ನುತ್ತೆ. ಸೂಪರ್ ಕ್ಯಾರಿ ಪೆಟ್ರೋಲ್‌ಗೆ 740 ಕೆಜಿ ಹೇರಬಹುದು, ಸಿಎನ್‌ಜಿಗೆ 625 ಮಾತ್ರ. ಅಂದ್ರೆ ಪ್ರತಿ ಟ್ರಿಪ್ಪಿಗೆ ನಾಲ್ಕು ಕ್ರೇಟ್ ಕಮ್ಮಿ. ನಿಮ್ಮ ದಿನನಿತ್ಯದ ದಾರಿಯಲ್ಲೇ ಪಂಪ್ ಇದ್ದರೆ ಮಾತ್ರ ಯೋಚಿಸಿ. ಗ್ಯಾಸಿಗೆಂದೇ 20 ಕಿ.ಮೀ. ಹೋದರೆ ಉಳಿತಾಯ ಅಲ್ಲೇ ಮುಗೀತು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಆ ಪ್ಲೇಟ್ ಮೇಲಿನ ದಿನಾಂಕ ನೋಡಿ.

ಕರೆಂಟ್ ಗಾಡಿ: ಏಸ್ ಇವಿಯ ಮೊದಲ ಮಾದರಿಗೆ 21.3 ಯೂನಿಟ್ಟಿನ ಬ್ಯಾಟರಿ, 130 ಟಾರ್ಕ್, 600 ಕೆಜಿ ಭಾರ. ಆಮೇಲೆ 2024ರಲ್ಲಿ ಒಂದು ಟನ್ನಿನದೂ ಬಂತು. ಮೊದಲನೆಯದಕ್ಕೆ ಪರೀಕ್ಷೆಯಲ್ಲಿ ಕೊಟ್ಟ ಓಟ 154 ಕಿ.ಮೀ.; ಭಾರ, ಏರು, ಬಿಸಿಲು ಸೇರಿದರೆ ಅಷ್ಟು ಸಿಗಲ್ಲ ಅಂತಲೇ ಹಿಡಿದು ಪ್ಲಾನ್ ಮಾಡಿ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಪೂರ್ತಿ ಚಾರ್ಜಿಗೆ ಸುಮಾರು 150 ರೂಪಾಯಿ. ಲೆಕ್ಕ ಆಕರ್ಷಕ. ಆದರೆ ಚಾರ್ಜ್ ಮಾಡೋದು ಪಂಪ್‌ಸೆಟ್ ಲೈನಿನಲ್ಲಿ ಅಲ್ಲ, ಮನೆಯ ನಿರಂತರ ಜ್ಯೋತಿ ಲೈನಿನಲ್ಲಿ, ಸರಿಯಾದ ಅರ್ಥಿಂಗ್ ಜೊತೆ. ಪ್ರತಿದಿನ ಒಂದೇ ದಾರಿ, ಸಂಜೆ ಮನೆಗೆ ವಾಪಸ್ ಅನ್ನೋರಿಗೆ ಚಲೋ. ಇವತ್ತು ಬೆಳಗಾವಿ, ನಾಳೆ ಸಾಂಗ್ಲಿ ಅನ್ನೋರಿಗೆ ಇನ್ನೂ ಕಷ್ಟ.

5. ಕಾಯ್ದೆ: ಮೂರು ವಿಷಯ ಮಾತ್ರ, ಆದರೆ ಮರೀಬೇಡಿ

ಲೈಸೆನ್ಸ್: ಗ್ರಾಸ್ ತೂಕ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಯನ್ನ ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಇದನ್ನ ಖಚಿತ ಮಾಡಿದೆ.

ಪರ್ಮಿಟ್: ಗ್ರಾಸ್ ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಅದಕ್ಕಿಂತ ಹೆಚ್ಚಿದ್ದರೆ ಬೇಕು. 1.7 ಟನ್ ಹೊರುವ ಪಿಕಪ್‌ಗಳು ಈ ಗೆರೆ ದಾಟುತ್ತವೆ. ನಮ್ಮದು ಗಡಿ ಜಿಲ್ಲೆ. ಮಹಾರಾಷ್ಟ್ರ, ಗೋವಾ ಕಡೆ ಹೋಗೋರು ಗಾಡಿ ಆರಿಸುವ ಮೊದಲೇ ಇದನ್ನ ಲೆಕ್ಕಕ್ಕೆ ತಗೊಳ್ಳಿ. ಓವರ್‌ಲೋಡ್‌ಗೆ 2019ರ ತಿದ್ದುಪಡಿ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಜನ: ಇದು ಎಲ್ಲಕ್ಕಿಂತ ಮುಖ್ಯ. ಕೂಲಿಗೆ ಬಂದ ಅಕ್ಕಂದಿರನ್ನ, ಮದುವೆಗೆ, ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೊರಟೋರನ್ನ ಡಬ್ಬಿಯಲ್ಲಿ ಕೂಡಿಸೋದು ನಮ್ಮ ಕಡೆ ಸಾಮಾನ್ಯ. ನಾನೂ ಒಂದು ಕಾಲಕ್ಕೆ "ಹತ್ರಿ ಅಕ್ಕಾ, ಅಲ್ಲೇ ಹೊಂಟೀನಿ" ಅಂದವನೇ. ಮಾಲಿನ ಮಾಲೀಕ ಅಥವಾ ಅವನ ಕಡೆಯವನು ಮಾಲಿನ ಜೊತೆ ಹೋದರೆ ವಿಮೆ ಇದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಗೂಡ್ಸ್ ಗಾಡಿಯ ವಿಮೆ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಏನಾದರೂ ಆದರೆ ಹೋದ ಜೀವ ಬರಲ್ಲ, ಪರಿಹಾರದ ಹೊಣೆಯೂ ನಿಮ್ಮ ಹೊಲದ ಮೇಲೆ ಬೀಳುತ್ತೆ. ಒಲ್ಲೆ ಅನ್ನೋಕೆ ಮುಜುಗರ ಆಗುತ್ತೆ, ಆದ್ರೂ ಒಲ್ಲೆ ಅನ್ನಿ. ನಾನು ಈಗ ಕೂಲಿಯವರಿಗೆ ಬಸ್ ಚಾರ್ಜು ಕೊಟ್ಟುಬಿಡ್ತೀನಿ.

6. ಕೊಳ್ಳೋದಾ, ಬಾಡಿಗೆಯಾ? ಹೀಗೆ ಲೆಕ್ಕ ಹಾಕಿ

ಕೆಳಗಿನವು ಉದಾಹರಣೆ ಅಂಕಿ. ನಿಮ್ಮ ಅಂಕಿ ಹಾಕಿಕೊಂಡು ಫೋನ್ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿ.

ಗಾಡಿಗೆ 6 ಲಕ್ಷ. ಕೈಯಿಂದ 1.5 ಲಕ್ಷ, ಸಾಲ 4.5 ಲಕ್ಷ, ನಾಲ್ಕು ವರ್ಷ, ಬಡ್ಡಿ 11%. ತಿಂಗಳ ಕಂತು ಸುಮಾರು 11,600.
ವಿಮೆ ತಿಂಗಳಿಗೆ 2,500.
ಸರ್ವಿಸ್, ಟೈರ್, ಫಿಟ್ನೆಸ್ ತಿಂಗಳಿಗೆ 2,500.
ಗಾಡಿ ಓಡಲಿ, ನಿಲ್ಲಲಿ, ಒಟ್ಟು 16,600.

ಹೋಗಿಬರೋಕೆ 130 ಕಿ.ಮೀ. ಅಂತ ಹಿಡಿಯೋಣ. ಕಿಲೋಮೀಟರ್‌ಗೆ ಇಂಧನ 5 ರೂಪಾಯಿ ಅಂದ್ರೆ ಟ್ರಿಪ್ಪಿಗೆ 650. ಅದೇ ಟ್ರಿಪ್ಪಿಗೆ ಬಾಡಿಗೆ ಗಾಡಿ 2,500 ಕೇಳಿದರೆ, ಸ್ವಂತ ಗಾಡಿಯಲ್ಲಿ ಪ್ರತಿ ಟ್ರಿಪ್ಪಿಗೆ ಉಳಿಯೋದು 1,850. ಈಗ 16,600ನ್ನ 1,850ರಿಂದ ಭಾಗಿಸಿ. ಉತ್ತರ 9.

ಅಂದ್ರೆ ತಿಂಗಳಿಗೆ 9 ಟ್ರಿಪ್ ಆದರೆ ಸರಿಸಮ, ಅದಕ್ಕಿಂತ ಮೇಲೆ ಲಾಭ. ನಾಲ್ಕೇ ಟ್ರಿಪ್ ಹೋಗೋನಿಗೆ ಸ್ವಂತ ಗಾಡಿಯ ಖರ್ಚು 19,200, ಬಾಡಿಗೆಯಾದರೆ 10,000. ತಿಂಗಳಿಗೆ 9,200 ರೂಪಾಯಿ 'ನನ್ನ ಗಾಡಿ' ಅನ್ನೋ ಖುಷಿಗೆ ಕೊಟ್ಟಂತೆ. ಇದರಲ್ಲಿ ನೀವೇ ಡ್ರೈವರ್, ನಿಮ್ಮ ಕೂಲಿ ಲೆಕ್ಕ ಹಾಕಿಲ್ಲ ಅನ್ನೋದು ನೆನಪಿರಲಿ. ಟ್ರಿಪ್ ಕಡಿಮೆ ಇದ್ದರೆ ಅಕ್ಕಪಕ್ಕದ ಮೂರು ರೈತರು ಸೇರಿ ಮಾಲು ಹೊಂದಿಸಿಕೊಂಡು ಒಂದು ಗಾಡಿ ತುಂಬಿಸಿ.

7. ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಫಿಟ್ನೆಸ್, ವಿಮೆ ಯಾವಾಗಿನವರೆಗೆ, ಸಾಲ ತೀರಿದೆಯಾ ನೋಡಿ. ಬಾಕಿ ದಂಡವನ್ನ ಇ-ಚಲನ್‌ನಲ್ಲಿ ನೋಡಿ.

ಮುಂಜಾನೆ ಹೋಗಿ, ಎಂಜಿನ್ ತಣ್ಣಗಿದ್ದಾಗ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಿ. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಪುಸುಪುಸು ಬಂದರೆ ಎಂಜಿನ್ ಸವೆದಿದೆ.

ಒಂದು ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿ. ಚಾಸಿಯಲ್ಲಿ ವೆಲ್ಡಿಂಗ್ ಗುರುತು, ಬಿರುಕು, ಹೊಸ ಬಣ್ಣ ಕಂಡರೆ ಹುಷಾರು. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ.

ನಿಮ್ಮದೇ 20 ಕ್ರೇಟ್ ಹೇರಿ, ಒಂದು ಏರು ಹತ್ತಿಸಿ, ಇಳಿಜಾರಿನಲ್ಲಿ ಬ್ರೇಕ್ ನೋಡಿ. ಖಾಲಿ ಗಾಡಿ ಎಲ್ಲವೂ ಚೆನ್ನಾಗೇ ಓಡುತ್ತೆ.

ಕಾಗದ: ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರ್ಮ್ 35, ಬೇರೆ ರಾಜ್ಯದ ಗಾಡಿಯಾದರೆ ಫಾರ್ಮ್ 28ರ ಎನ್‌ಒಸಿ. "ಹೆಸರು ಆಮೇಲೆ ಮಾಡಿಸಿದ್ರಾತು" ಅನ್ನೋರಿಗೆ ಪೂರ್ತಿ ರೊಕ್ಕ ಕೊಡಬೇಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್ನೆಸ್. ಏಳು ವರ್ಷದ ಗಾಡಿ ತಗೊಳ್ಳೋರು ಆ ಖರ್ಚು ಈಗಲೇ ಸೇರಿಸಿಕೊಳ್ಳಿ.

ಕೊನೆಗೆ, ಯಾರಿಗೆ ಯಾವುದು?

ಸೊಪ್ಪು-ತರಕಾರಿ ಮನೆಮನೆಗೆ, ದಿನಾ ಹತ್ತಿರದ ಊರಿಗೆ: ಮುಚ್ಚಿದ ಪೆಟ್ರೋಲ್ ವ್ಯಾನ್. ಆದರೆ ಒಳಗೆ ಗಾಳಿ ಆಡಬೇಕು. ಬಾಳೆಹಣ್ಣನ್ನ ಸೊಪ್ಪಿನ ಜೊತೆ ಇಡಬೇಡಿ, ಅದರ ಗಾಳಿಗೆ ಸೊಪ್ಪು ಬೇಗ ಹಳದಿಯಾಗುತ್ತೆ.
ವಾರಕ್ಕೆ ಮೂರು-ನಾಲ್ಕು ಸಲ 20–25 ಕ್ರೇಟ್, ಸಪಾಟ ದಾರಿ: ಮಿನಿ ಟ್ರಕ್, ಪೆಟ್ರೋಲ್ ಅಥವಾ ಪಂಪ್ ಹತ್ತಿರ ಇದ್ದರೆ ಸಿಎನ್‌ಜಿ.
ಒಂದು ಟನ್ ಮೇಲೆ, ಘಾಟ್ ರಸ್ತೆ, ರಾತ್ರಿ ಓಟ: ಲ್ಯಾಡರ್ ಚಾಸಿಯ ಡೀಸೆಲ್ ಪಿಕಪ್.
ತಿಂಗಳಿಗೆ ಐದಾರು ಟ್ರಿಪ್: ಗಾಡಿ ಬೇಡ, ಹಂಚಿಕೊಂಡು ಬಾಡಿಗೆ.

ಆ ಘೋಡಗೇರಿ ತಮ್ಮ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಆರ್‌ಸಿ ನೋಡಿದನಂತೆ: ತಯಾರಿಕೆ 2019ರ ಡಿಸೆಂಬರ್, ಬಿಎಸ್-4. ಆ್ಯಪ್‌ನಲ್ಲಿ ಹಳೇ ಮಾಲೀಕನ ಸಾಲ ಇನ್ನೂ ತೋರಿಸ್ತಿತ್ತು. ಅವನ ಟ್ರಿಪ್ ಲೆಕ್ಕ ಹಾಕಿದ್ರೆ ತಿಂಗಳಿಗೆ ಐದು. "ಬಿಟ್ಟುಬಿಟ್ಟೆ ಅಣ್ಣಾ. ಬಾಜೂ ಹೊಲದ ಕಾಕಾ, ಇನ್ನೊಬ್ಬ ದೋಸ್ತ ಕೂಡಿ ಈ ಸೀಸನ್ ಬಾಡಿಗಿ ಗಾಡಿನ ಹಂಚ್ಕೊಂಡು ನೋಡ್ತೀವಿ. ಉಳಿದ ರೊಕ್ಕದಾಗ ಡ್ರಿಪ್ ಹಾಕಸ್ತೀನಿ" ಅಂದ.

ನನಗೆ ಆ ಮಾತು ಹಿಡಿಸಿತು. ಗಾಡಿ ಮುಂದಿನ ವರ್ಷವೂ ಸಿಗುತ್ತೆ. ನೀವೂ ಈ ವಾರ ಒಂದು ಕೆಲಸ ಮಾಡಿ: ಹೋದ ಮೂರು ತಿಂಗಳಲ್ಲಿ ಎಷ್ಟು ಟ್ರಿಪ್, ಪ್ರತಿ ಸಲ ಎಷ್ಟು ಕೆಜಿ, ಎಷ್ಟು ಬಾಡಿಗೆ ಅಂತ ಒಂದು ಹಾಳೆಯಲ್ಲಿ ಬರೀರಿ. ಆ ಹಾಳೆ ಜೇಬಲ್ಲಿ ಇಟ್ಕೊಂಡೇ ಶೋರೂಮ್ ಮೆಟ್ಟಿಲು ಹತ್ತಿ.

ಮುಂದಿನ ವಾರ ಮತ್ತೆ ಹೊಲಕ್ಕೆ ಬರೋಣ.